ಯಾರೂ ಒತ್ತದ ಗುಂಡಿ

ತೋಳಿಗೆ ಕಟ್ಟಿದ್ದ ಪಟ್ಟಿ ಗುಂಯ್ ಎಂದಿತು. ಚಿಕ್ಕಮ್ಮನ ಕೈಯಲ್ಲಿದ್ದ ಚಹಾ ತುಳುಕಿ ಬಸಿಗೆ ಬಿತ್ತು.

"ಬಂತಾ?" ಒಳಕೋಣೆಯಿಂದ ಅಕ್ಕನ ದನಿ.

"ಬಂತು ಬಂತು. ಮೊಣಕೈವರೆಗೂ ಜುಂ ಅಂತು. ಇನ್ನೊಂದ್ಸಲ ಒತ್ತು ನೋಡೋಣ. ಈ ಸಲ ಪೆನಾಲ್ಟಿಗೆ ಹೇಗೆ ಒತ್ತಬೇಕೋ ಹಾಗೆ."

ಗುಂಯ್. ಗುಂಯ್.

ಎರಡು ಸಲ, ಚಿಕ್ಕದಾಗಿ. ನಡುವೆ ಒಂದು ಉಸಿರಿನಷ್ಟು ಬಿಡುವು. ತಪ್ಪು ತಿಳಿಯಲು ಸಾಧ್ಯವೇ ಇಲ್ಲದಷ್ಟು ಸ್ಪಷ್ಟ.

ಅಕ್ಕ ಕೈಯಲ್ಲಿ ಲೈನ್ಸ್‌ಮನ್ನರ ಬಾವುಟ ಹಿಡಿದುಕೊಂಡೇ ಹೊರಗೆ ಬಂದಳು. ಅದರ ಹಿಡಿಕೆಯಲ್ಲಿ ಹೆಬ್ಬೆರಳಿನಷ್ಟೇ ಅಗಲದ ಒಂದು ಗುಂಡಿ. ಗೆರೆಯ ಮೇಲೆ ಓಡುವ ಲೈನ್ಸ್‌ಮನ್ ಅದನ್ನು ಒತ್ತಿದರೆ, ಮೈದಾನದ ನಡುವೆ ಇರುವ ರೆಫರಿಯ ತೋಳಿನ ಪಟ್ಟಿ ನಡುಗುತ್ತದೆ. ಅಷ್ಟೇ ಅದರ ಕೆಲಸ. ಆದರೆ ಅಷ್ಟರಲ್ಲೇ ಒಂದು ಸಂಸಾರ ಒಡೆಯುವ ಹಂತಕ್ಕೆ ಬಂದಿತ್ತು.

ಕಳೆದ ಭಾನುವಾರದ ಫುಟ್‌ಬಾಲ್ ಫೈನಲ್‌ನಲ್ಲಿ ಇನ್ನೇನು ಆಟ ಮುಗಿಯಿತು ಎನ್ನುವಾಗ ರೆಫರಿ ಕೊಟ್ಟ ಒಂದು ಪೆನಾಲ್ಟಿ ಕಪ್ಪನ್ನು ಒಂದು ತಂಡದ ಕೈಯಿಂದ ಕಿತ್ತು ಇನ್ನೊಂದಕ್ಕೆ ಕೊಟ್ಟಿತ್ತು. ಲೈನ್ಸ್‌ಮನ್ ಗುಂಡಿ ಒತ್ತಿದ, ಅದಕ್ಕೇ ಕೊಟ್ಟೆ ಎನ್ನುತ್ತಾನೆ ರೆಫರಿ. ಒತ್ತಲೇ ಇಲ್ಲ ಎನ್ನುತ್ತಾನೆ ಲೈನ್ಸ್‌ಮನ್. ರೆಫರಿ ಅಕ್ಕನ ಗಂಡ. ಲೈನ್ಸ್‌ಮನ್ ಅಕ್ಕನ ಒಡಹುಟ್ಟಿದ ತಮ್ಮ.

ನಾಳೆ ಸಂಜೆ ಸಮಿತಿ ಕೂರುತ್ತದೆ. ಇಬ್ಬರಲ್ಲಿ ಒಬ್ಬ ಸುಳ್ಳು ಹೇಳುತ್ತಿದ್ದಾನೆ ಎಂದು ಸಮಿತಿಯವರಿಗೆ ಖಚಿತವಾಗಿದೆ. ಆ ಒಬ್ಬ ಇನ್ನು ಜನ್ಮದಲ್ಲಿ ಮೈದಾನಕ್ಕೆ ಇಳಿಯುವ ಹಾಗಿಲ್ಲ.

"ಚೆನ್ನಾಗಿ ಒತ್ತುತೀಯ," ಎಂದಳು ಚಿಕ್ಕಮ್ಮ.

"ಅದರಲ್ಲೇನು ಮಹಾ? ಈ ಗುಟ್ಟಿನ ಸನ್ನೆ ಹುಟ್ಟಿದ್ದೇ ಈ ಮೇಜಿನ ಮೇಲೆ ಚಿಕ್ಕಮ್ಮ. ಉಪ್ಪಿನ ಡಬ್ಬಿ ಗೋಲು, ಚಮಚ ಗೆರೆ. ಗೋಲಿನ ಮುಂದಿನ ಬಾಕ್ಸಿನ ಹೊರಗೆ ತಪ್ಪು ನಡೆದ್ರೆ ಉದ್ದಕ್ಕೆ ಒಂದು ಸಲ, ಒಳಗೆ ನಡೆದ್ರೆ ಪೆನಾಲ್ಟಿ, ಅದಕ್ಕೆ ಚಿಕ್ಕದಾಗಿ ಎರಡು ಸಲ. ಬೇರೆ ಯಾವ ರೆಫರಿಗಳ ಹತ್ರಾನೂ ಇದಿಲ್ಲ. ಇಬ್ಬರೂ ಊಟ ಬಿಟ್ಟು ಚಮಚ ಸರಿಸ್ತಾ ಕೂತಿದ್ರು. ಸಾಕು ಏಳ್ರೋ, ತಟ್ಟೆ ತೊಳೀಬೇಕು ಅಂತ ನಾನು ಬೈದಿದ್ದೆ."

"ಈಗ ಈ ಸನ್ನೆ ಗೊತ್ತಿರೋದು ಯಾರ್ಯಾರಿಗೆ?"

"ಮೂರೇ ಜನಕ್ಕೆ. ಇವರು, ತಮ್ಮ, ಆಮೇಲೆ ಆ ಕಡೆ ಗೆರೆಯ ಲಂಬು."

ಚಿಕ್ಕಮ್ಮ ತಲೆಯಾಡಿಸಿ ಚಹಾ ಮುಗಿಸಿದಳು. ಅವಳು ಯಾರ ಸ್ವಂತ ಚಿಕ್ಕಮ್ಮನೂ ಅಲ್ಲ. ವಿಮೆ ಕಂಪನಿಯೊಂದರಲ್ಲಿ ಸುಳ್ಳು ಕ್ಲೇಮುಗಳ ಬೆನ್ನು ಹತ್ತುವುದು ಅವಳ ಕೆಲಸವಾಗಿತ್ತು. ನಿವೃತ್ತಿಯಾದ ಮೇಲೆ ಕೈಕಟ್ಟಿ ಕೂರಲಾಗದೆ ನೆರೆಹೊರೆಯ ಸಿಕ್ಕುಗಳನ್ನು ಬಿಡಿಸಲು ತೊಡಗಿದಳು. ಸಿಕ್ಕು ಬಿಡಿಸಿಕೊಂಡವರೆಲ್ಲ ಚಿಕ್ಕಮ್ಮ ಎಂದರು, ಅದೇ ಉಳಿಯಿತು.

ಈ ಅಡುಗೆಮನೆ ಅವಳಿಗೆ ಹಿಡಿಸಿತ್ತು. ಕಿಟಕಿಯಿಂದ ಬಿಸಿಲು ನೇರವಾಗಿ ಮೇಜಿನ ಮೇಲೆ ಬೀಳುತ್ತಿತ್ತು. ಗೋಡೆಗೆ ಒರಗಿಸಿಟ್ಟ ಒಂದು ಕುರ್ಚಿಯ ಮೇಲೆ ಮಡಿಸಿದ ಬಟ್ಟೆಗಳು. ಅದು ತಮ್ಮನ ಕುರ್ಚಿ ಎಂದು ಯಾರೂ ಹೇಳಬೇಕಾಗಿರಲಿಲ್ಲ. ಪ್ರತಿ ಭಾನುವಾರ ಅವನು ಉಂಡು ಹೋಗುವ ಜಾಗದಲ್ಲಿ ಈಗ ಬಟ್ಟೆ ಉಣ್ಣುತ್ತಿತ್ತು.

"ಆ ಫಾರ್ವರ್ಡ್ ಬಿದ್ದ ಚೆಂದ ನೋಡ್ಬೇಕಿತ್ತು ನೀವು," ಅಕ್ಕ ಡಬ್ಬಿಗಳನ್ನು ಒರೆಸುತ್ತ ಅಂದಳು. "ಒಂದು ಬೂಟು ಕಳಚಿ ಎಲ್ಲೋ ಹಾರಿದೆ, ಪುಣ್ಯಾತ್ಮ ಬೂಟಿರೋ ಕಾಲನ್ನ ಹಿಡ್ಕೊಂಡು ಗೋಳಾಡ್ತಾನೆ! ನಾಟಕ ಕಂಪನಿಗೆ ಸೇರಬೇಕಾದವನು."

"ಹೋಗಿದ್ಯಾ ಆಟಕ್ಕೆ?"

"ನಾನಾ? ಮೈದಾನಕ್ಕಾ?" ಅಕ್ಕ ನಕ್ಕಳು. "ರೆಫರಿ ಹೆಂಡತಿ ಮೈದಾನಕ್ಕೆ ಹೋಗಬಾರದು ಚಿಕ್ಕಮ್ಮ. ಜನ ಅಲ್ಲಿ ಇವರ ತಾಯಿ, ತಂಗಿ, ಹೆಂಡತಿ, ಹುಟ್ಟದೇ ಇರೋ ಮೊಮ್ಮಕ್ಕಳು, ಎಲ್ಲರನ್ನೂ ನೆನೆಸ್ಕೊಳ್ತಾರೆ. ವಿಡಿಯೋದಲ್ಲಿ ನೋಡಿದೆ."

ಚಿಕ್ಕಮ್ಮನಿಗೂ ನಗು ಬಂತು. ಪಟ್ಟಿ, ಎರಡು ಬಾವುಟ ಮೂರನ್ನೂ ಚೀಲಕ್ಕೆ ಹಾಕಿಕೊಂಡು ಎದ್ದಳು.

"ಮಧ್ಯಾಹ್ನ ಮೈದಾನಕ್ಕೇ ಊಟ ತರ್ತೀನಿ," ಎಂದಳು ಅಕ್ಕ ಬಾಗಿಲವರೆಗೆ ಬಂದು. "ಖಾಲಿ ಮೈದಾನ ತಾನೆ, ಬೈಯೋಕೆ ಯಾರೂ ಇರಲ್ಲ. ಇಬ್ಬರೂ ಒಂದೇ ಡಬ್ಬಿಯಿಂದ ತಿಂದ್ರೆ ಅರ್ಧ ಜಗಳ ಮುಗಿದ ಹಾಗೆ. ಉಳಿದರ್ಧ ನಿಮ್ಮ ಕೈಲಿದೆ."

ಅವಳ ಕಣ್ಣು ಒಂದು ಕ್ಷಣ ಗೋಡೆಗೊರಗಿದ ಕುರ್ಚಿಯ ಕಡೆ ಹೋಯಿತು. ಬಾಗಿಲು ಮುಚ್ಚಿತು.

*

ಮೈದಾನದ ಪಕ್ಕದಲ್ಲಿ ರೆಫರಿಗಳು ಬಟ್ಟೆ ಬದಲಿಸುವ ಕೋಣೆ ಒಂದು ಗೂಡಿನಂತಿತ್ತು. ಒಂದು ಬೆಂಚು, ಗೋಡೆಗೆ ಮೊಳೆಗಳ ಸಾಲು, ಒಂದು ನಲ್ಲಿ, ಒದ್ದೆ ಸಾಕ್ಸಿನ ವಾಸನೆ. ಲಂಬು ಬಾಗಿಲಲ್ಲಿ ತಲೆ ಬಗ್ಗಿಸಿ ಒಳಗೆ ಬಂದ. ಬಗ್ಗಿಸಿದ್ದು ಸಾಲದೆ ಹಣೆ ಚೌಕಟ್ಟಿಗೆ ತಾಗಿತು.

"ಪ್ರತಿ ಸಲಾನೂ," ಎಂದ ಹಣೆ ಉಜ್ಜಿಕೊಳ್ಳುತ್ತ. "ಈ ಬಾಗಿಲಿಗೂ ನನಗೂ ಹೋದ ಜನ್ಮದ ಹಗೆ."

ಅವನು ಎದುರು ಬದಿಯ ಗೆರೆಯ ಲೈನ್ಸ್‌ಮನ್. ಅವನ ಬಾವುಟದ ಗುಂಡಿ ಒತ್ತಿದರೂ ರೆಫರಿಯ ತೋಳಿಗೆ ಬರುವುದು ಅದೇ ಗುಂಯ್. ಯಾವ ಬಾವುಟದಿಂದ ಬಂತು ಎಂದು ಪಟ್ಟಿ ಹೇಳುವುದಿಲ್ಲ.

ಚಿಕ್ಕಮ್ಮ ಸುತ್ತಿಬಳಸಲಿಲ್ಲ. "ಪೆನಾಲ್ಟಿ ಹೊತ್ತಲ್ಲಿ ನಿನ್ನ ಬಾವುಟ ಎಲ್ಲಿತ್ತಪ್ಪಾ?"

"ಕೈಯಲ್ಲಿ."

"ಯಾವ ಕೈಯಲ್ಲಿ?"

ಲಂಬು ತನ್ನ ಎರಡೂ ಕೈ ನೋಡಿಕೊಂಡ. ಉತ್ತರ ಅಲ್ಲಿ ಬರೆದಿರಲಿಲ್ಲ. ಚಿಕ್ಕಮ್ಮ ಏನೂ ಕೇಳದೆ ಕೂತಿದ್ದಳು. ಎದುರಿಗಿದ್ದವರ ಮೌನವನ್ನು ತಾನು ತುಂಬಬಾರದು, ಅವರೇ ತುಂಬಲಿ ಎಂದು ಬಿಡುವುದು ಅವಳ ಹಳೆಯ ಅಭ್ಯಾಸ.

"ಕಂಕುಳಲ್ಲಿ," ಎಂದ ಲಂಬು ಕೊನೆಗೆ, ಕಳ್ಳತನ ಒಪ್ಪಿಕೊಳ್ಳುವವನ ಹಾಗೆ. "ಆಟ ಪೂರ್ತಿ ಆ ತುದೀಲಿತ್ತು. ನನ್ನ ತುದೀಲಿ ಒಂದು ನರಪಿಳ್ಳೆ ಇಲ್ಲ. ಗಂಟಲು ಒಣಗಿತ್ತು. ಬಾವುಟ ಕಂಕುಳಿಗೆ ಸಿಕ್ಕಿಸ್ಕೊಂಡು ನೀರು ಕುಡೀತಿದ್ದೆ. ಚಿಕ್ಕಮ್ಮ, ದಮ್ಮಯ್ಯ, ಇದನ್ನ ಸಮಿತಿಗೆ ಹೇಳ್ಬೇಡಿ. ಲೈನ್ಸ್‌ಮನ್ ಆದವನು ಬಾವುಟ ಕೈ ಬಿಡೋದು ಅಂದ್ರೆ… ಅಡುಗೆಯವನು ಒಲೆ ಮೇಲೆ ಎಣ್ಣೆ ಇಟ್ಟು ನಿದ್ದೆ ಮಾಡಿದ ಹಾಗೆ."

"ಎದ್ದು ನಿಂತ್ಕೋ. ಕಂಕುಳಿಗೆ ಸಿಕ್ಕಿಸ್ಕೋ."

ಚಿಕ್ಕಮ್ಮ ಪಟ್ಟಿಯನ್ನು ತನ್ನ ತೋಳಿಗೆ ಕಟ್ಟಿಕೊಂಡಳು. ಲಂಬು ಬಾಟಲಿಯಿಂದ ನೀರು ಕುಡಿದ. ಏನೂ ಆಗಲಿಲ್ಲ. ಕೆಮ್ಮಲು ಹೇಳಿದಳು, ಕೆಮ್ಮಿದ. ಕುಣಿಯಲು ಹೇಳಿದಳು, ಕುಣಿದ, ತಲೆ ಬಲ್ಬಿಗೆ ತಾಗಿತು. ಕೊನೆಗೆ ನಲ್ಲಿಗೆ ಬಾಯಿ ಒಡ್ಡಲು ಬಗ್ಗಿದಾಗ ಪಟ್ಟಿ ಗುಂಯ್ಯ್ಯ್ ಎಂದು ಒಂದೇ ಸಮನೆ ಉದ್ದಕ್ಕೆ ನಡುಗಿತು. ಅವನು ಸೊಂಟ ನೆಟ್ಟಗೆ ಮಾಡುವವರೆಗೂ ನಿಲ್ಲಲಿಲ್ಲ.

"ಅಯ್ಯಯ್ಯೋ," ಎಂದ ಲಂಬು. "ನಾನೇನಾ?"

"ಅಲ್ಲ ಮಗನೇ. ರೆಫರಿಗೆ ಬಂದಿದ್ದು ಚಿಕ್ಕದಾಗಿ ಎರಡು. ಕಂಕುಳಿಗೆ ಅಷ್ಟು ಬುದ್ಧಿ ಇರಲ್ಲ."

ಅವನು ಬೆಂಚಿನ ಮೇಲೆ ಕುಸಿದು ಕೂತು ಉಳಿದ ನೀರನ್ನು ತಲೆಗೇ ಹೊಯ್ದುಕೊಂಡ. ಆಮೇಲೆ ಮೊಬೈಲು ತೆಗೆದು, ಊರೆಲ್ಲ ಹರಿದಾಡುತ್ತಿದ್ದ ವಿಡಿಯೋ ತೋರಿಸಿದ. ಇರುವುದು ಅದೊಂದೇ. ಗೋಲಿನ ಹಿಂದಿನಿಂದ ಯಾರೋ ತೆಗೆದದ್ದು.

ಚೆಂಡು ಬಾಕ್ಸಿನೊಳಗೆ ನುಗ್ಗುತ್ತದೆ. ಫಾರ್ವರ್ಡ್ ನುಗ್ಗುತ್ತಾನೆ. ಅಷ್ಟರಲ್ಲಿ ದಪ್ಪ ಡಿಫೆಂಡರನ ಬೆನ್ನು ಪರದೆಯನ್ನೆಲ್ಲ ತುಂಬುತ್ತದೆ. ಬೆನ್ನು, ಬೆವರು, ಬೆನ್ನು. ಸೀಟಿ ಕೇಳುತ್ತದೆ. ತೆಗೆಯುತ್ತಿದ್ದವನು ಕುಣಿದಿರಬೇಕು, ಆಕಾಶ ಕಾಣುತ್ತದೆ. ಮುಗಿಯಿತು.

"ಇನ್ನೊಂದ್ಸಲ ಹಾಕು," ಎಂದಳು ಚಿಕ್ಕಮ್ಮ.

ಎರಡನೆಯ ಸಲವೂ ಬೆನ್ನೇ ಇತ್ತು.

*

ಬಿಸಿಲು ಏರಿದ್ದರೂ ಗಾಳಿ ಹಿತವಾಗಿತ್ತು. ಹುಲ್ಲು ಕತ್ತರಿಸಿ ಹೋಗಿದ್ದರು, ಅದರ ಹಸಿ ವಾಸನೆ ಇನ್ನೂ ಇತ್ತು. ಖಾಲಿ ಗ್ಯಾಲರಿಯ ಮೆಟ್ಟಿಲುಗಳ ಮೇಲೆ ಪಾರಿವಾಳಗಳು ಟಿಕೆಟ್ ಇಲ್ಲದೆ ಕೂತಿದ್ದವು.

ರೆಫರಿ ಗೇಟಿನ ಈ ಬದಿಯಿಂದ ಬಂದ. ತಮ್ಮ ಆ ಬದಿಯಿಂದ ಬಂದ. ಒಬ್ಬ ಶಾಲೆಯ ಗಣಿತದ ಮೇಷ್ಟ್ರು. ಇನ್ನೊಬ್ಬ ಕನ್ನಡಕದ ಅಂಗಡಿಯವನು. ಭಾನುವಾರದಿಂದ ಅಂಗಡಿಯ ಮುಂದೆ ಹಾದುಹೋಗುವವರೆಲ್ಲ "ಮೊದಲು ನಿಮ್ಮ ಭಾವನಿಗೆ ಒಂದು ಕನ್ನಡಕ ಕೊಡಪ್ಪಾ" ಎನ್ನುತ್ತಿದ್ದರು. ಅವನು ನಗುತ್ತಿರಲಿಲ್ಲ.

"ಮಾತು ಬೇಡ," ಎಂದಳು ಚಿಕ್ಕಮ್ಮ, ಇಬ್ಬರೂ ಬಾಯಿ ತೆರೆಯುವ ಮೊದಲೇ. ಪಟ್ಟಿಯನ್ನು ರೆಫರಿಯ ತೋಳಿಗೆ ತಾನೇ ಕಟ್ಟಿದಳು, ಬಾವುಟವನ್ನು ತಮ್ಮನ ಕೈಗಿಟ್ಟಳು. "ಆ ಹೊತ್ತಿಗೆ ಎಲ್ಲಿದ್ರೋ ಅಲ್ಲಿ ಹೋಗಿ ನಿಲ್ಲಿ. ಫಾರ್ವರ್ಡ್ ನಾನಾಗ್ತೀನಿ."

ಚಪ್ಪಲಿ ಬಿಟ್ಟು, ಮಂಡಿಯ ನೋವಿಗೊಂದು ಬೈಗುಳ ಅರ್ಪಿಸಿ, ಬಾಕ್ಸಿನ ಒಳಗೆ ಹುಲ್ಲಿನ ಮೇಲೆ ಕೂತಳು. ಹುಲ್ಲು ತಣ್ಣಗಿತ್ತು. ಈ ವಯಸ್ಸಿನಲ್ಲಿ ಇಂಥದೊಂದು ಕೆಲಸ ಸಿಕ್ಕಿದೆಯಲ್ಲ ಎಂದು ಅವಳಿಗೆ ಒಳಗೊಳಗೇ ಸಂತೋಷವಾಯಿತು. ವಿಮೆ ಕಂಪನಿಯಲ್ಲಿ ಯಾರೂ ಅವಳನ್ನು ಹುಲ್ಲಿನ ಮೇಲೆ ಕೂರಿಸಿರಲಿಲ್ಲ.

ತಮ್ಮ ಗೆರೆಯ ಮೇಲೆ ನಿಂತ. ಅವನಿಗೂ ಚಿಕ್ಕಮ್ಮನಿಗೂ ನಡುವೆ ಏನೂ ಇರಲಿಲ್ಲ. ರೆಫರಿ ದೂರದಲ್ಲಿ ನಿಂತ. ಡಿಫೆಂಡರ್ ಇದ್ದ ಜಾಗದಲ್ಲಿ ಅವಳು ತನ್ನ ಚೀಲ ಇಟ್ಟಿದ್ದಳು, ಅದು ರೆಫರಿಗೂ ಅವಳಿಗೂ ಸರಿಯಾಗಿ ನಡುವೆ ಬಂತು.

"ಮೇಷ್ಟ್ರೇ, ಇಲ್ಲಿ ಏನಾಯ್ತು ಅಂತ ನಿಮಗೆ ಕಂಡಿತಾ?"

"ಇಲ್ಲ. ಆ ದಡಿಯನ ಬೆನ್ನು ಅಡ್ಡ ಇತ್ತು."

"ಆಮೇಲೆ?"

"ಗುಂಯ್, ಗುಂಯ್. ಎರಡು ಸಲ. ಸೀಟಿ ಊದಿದೆ."

"ಸುಳ್ಳು!" ತಮ್ಮ ಕಿರುಚಿದ. ಪಾರಿವಾಳಗಳು ಎದ್ದು ಮತ್ತೆ ಕೂತವು. "ನನಗೆ ಗಾಜಿನ ಹಾಗೆ ಕಂಡಿದೆ. ಡಿಫೆಂಡರ್ ಕಾಲು ಮೊದಲು ಚೆಂಡಿಗೆ ತಾಗಿದೆ. ಶುದ್ಧ ಆಟ. ಅವನು ತಾನಾಗೇ ಮುಗ್ಗರಿಸಿ ಬಿದ್ದ, ಬೂಟು ಕಳಚಿ ಜಾಹೀರಾತು ಹಲಗೆ ಹತ್ರ ಹೋಗಿ ಬಿತ್ತು. ನಾನು ಯಾಕೆ ಒತ್ತಲಿ?"

"ಬೂಟು ಕಳಚಿತ್ತಾ?" ಎಂದ ರೆಫರಿ.

"ನೋಡಿ! ಅದೂ ಗೊತ್ತಿಲ್ಲ ನಿಮಗೆ. ಹೇಗೆ ಗೊತ್ತಾಗ್ಬೇಕು? ಅವನು ಎದ್ದೋನೇ ಹಾಕ್ಕೊಂಡ. ನಮ್ಮ ಗೆರೆಯ ಬದೀಲಿ ಇದ್ದವರಿಗೆ ಬಿಟ್ಟು ಇನ್ಯಾರಿಗೂ ಅದು ಕಂಡಿರಲ್ಲ."

ಚಿಕ್ಕಮ್ಮನ ಬೆರಳು ಒಂದು ಹುಲ್ಲಿನ ಎಳೆಯನ್ನು ಕಿತ್ತಿತು.

"ಇದನ್ನ ಯಾರಿಗಾದ್ರೂ ಹೇಳಿದ್ಯಾ ನೀನು?"

"ಯಾರಿಗೆ ಹೇಳ್ಲಿ? ಭಾನುವಾರದಿಂದ ನಾನು ಮಾತಾಡಿರೋದು ಗಿರಾಕಿಗಳ ಹತ್ರ ಮಾತ್ರ. ಅಕ್ಕನ ಫೋನೂ ಎತ್ತಿಲ್ಲ."

ಹುಲ್ಲಿನ ಎಳೆ ಎರಡಾಯಿತು. ಚಿಕ್ಕಮ್ಮ ಎರಡೂ ತುಂಡನ್ನು ಕೆಳಗೆ ಬಿಟ್ಟಳು. ಈಗ ಕೇಳಬೇಕಾದ ಪ್ರಶ್ನೆ ಬೇರೆಯೇ ಇತ್ತು, ಅದನ್ನು ಅವಳು ಮೊದಲಿನಿಂದಲೂ ಕೊನೆಗೆಂದು ಕೂಡಿಟ್ಟುಕೊಂಡಿದ್ದಳು.

"ಮೇಷ್ಟ್ರೇ, ತೋಳು ನಡುಗಿದ ಮೇಲೆ ಲೈನ್ಸ್‌ಮನ್ ಮುಖ ನೋಡ್ಬೇಕು ಅಂತ ನಿಮ್ಮಲ್ಲಿ ಪದ್ಧತಿ ಇದೆ ಅಲ್ವಾ? ಗುಂಡಿ ಕರೆಯೋದು ಮಾತ್ರ, ಹೇಳೋದು ಕಣ್ಣು. ಅವತ್ತು ಇವನ ಮುಖ ನೋಡಿದ್ರಾ?"

ಮಕ್ಕಳಿಗೆ ಜೀವನವಿಡೀ ಲೆಕ್ಕದ ಹಂತಗಳನ್ನು ಬಿಡಬೇಡಿ ಎಂದು ಹೇಳುತ್ತ ಬಂದ ಮನುಷ್ಯ ತನ್ನ ಬೂಟಿನ ತುದಿ ನೋಡುತ್ತ ನಿಂತಿದ್ದ.

"ಇಲ್ಲ," ಎಂದ.

"ಯಾಕೆ?"

"ಇವನಲ್ವಾ ಇದ್ದಿದ್ದು." ದನಿ ಸಣ್ಣಗಾಗಿತ್ತು. "ಬೇರೆಯವನಾಗಿದ್ರೆ ನೋಡ್ತಿದ್ದೆ. ಇವನು ಒತ್ತಿದ ಅಂದ್ರೆ ಆಗಿದೆ ಅಂತ. ನೋಡೋದೇನಿದೆ? ಈಗ ಎಷ್ಟೋ ವರ್ಷದಿಂದ ನಾನು ಇವನ ಮುಖ ನೋಡೋದೇ ಬಿಟ್ಟಿದ್ದೀನಿ."

ತಮ್ಮನ ಕೈಯಲ್ಲಿದ್ದ ಬಾವುಟ ನಿಧಾನವಾಗಿ ಕೆಳಗಿಳಿಯಿತು.

"ಒಂದೇ ಒಂದು ಸಲ ಈ ಕಡೆ ತಿರುಗಿದ್ರೆ ಸಾಕಿತ್ತು ಭಾವ. ತಲೆ ಅಲ್ಲಾಡಿಸ್ತಿದ್ದೆ."

"ನೀನಾದ್ರೂ ಬಾವುಟ ಬೀಸಬಹುದಿತ್ತಲ್ಲೋ! ಬಾಯಿ ಬಿಟ್ಟು ಕೂಗಬಹುದಿತ್ತಲ್ಲೋ! ಕಲ್ಲುಕಂಬದ ಹಾಗೆ ನಿಂತಿದ್ದೆ!"

"ನೀವು ಪೆನಾಲ್ಟಿ ಅಂತ ಬೆರಳು ತೋರಿಸಿ ಆಗಿತ್ತು. ಸಂಶಯಾನೇ ಇಲ್ಲದ ಹಾಗೆ ತೋರಿಸಿದ್ರಿ. ಭಾವನಿಗೆ ಏನೋ ಕಂಡಿದೆ, ನನಗೆ ಕಾಣದ್ದು ಅವರಿಗೆ ಕಂಡಿದೆ ಅನ್ಕೊಂಡೆ. ನಿಮ್ಮನ್ನ ಜನರ ಮುಂದೆ ತಪ್ಪು ಅನ್ನಲಾ?"

ಇಬ್ಬರೂ ಸುಮ್ಮನಾದರು. ಆ ಮೌನ ಚಿಕ್ಕಮ್ಮನಿಗೆ ಗೊತ್ತಿತ್ತು. ಸುಳ್ಳು ಹೇಳುವವರ ಮೌನಕ್ಕೆ ಒಂದು ಬಿಗಿ ಇರುತ್ತದೆ, ಮುಂದಿನ ಮಾತಿಗೆ ಒಳಗೆ ತಯಾರಿ ನಡೆದಿರುತ್ತದೆ. ಇಲ್ಲಿ ಯಾವ ತಯಾರಿಯೂ ಇರಲಿಲ್ಲ. ಹೆಗಲಿನಿಂದ ಮೂಟೆ ಇಳಿಸಿದವರಂತೆ ಇಬ್ಬರೂ ಬರೀ ನಿಂತಿದ್ದರು.

"ಅಂದ್ರೆ," ಎಂದಳು ಅವಳು ಹುಲ್ಲು ಕೊಡವುತ್ತ, "ಇವರು ನೀನು ನೋಡಿದೀಯ ಅಂತ ಕೊಟ್ರು. ನೀನು ಇವರು ನೋಡಿದಾರೆ ಅಂತ ಬಿಟ್ಟೆ. ಊರಿಗೆ ಊರೇ ಹೊಡೆದಾಡ್ತಿರೋ ಆ ಪೆನಾಲ್ಟಿಗೆ ಕಾರಣವಾದ ತಪ್ಪನ್ನ ನಿಮ್ಮಿಬ್ಬರಲ್ಲಿ ಯಾರೂ ನೋಡಿಲ್ಲ."

ರೆಫರಿ ಮೊದಲು ನಕ್ಕ. ಅಳುವಿಗೆ ಹತ್ತಿರವಿದ್ದ ನಗು. ಅವನು ಬಾಕ್ಸು ದಾಟಿ ಗೆರೆಯವರೆಗೆ ನಡೆದು ಬಂದ.

"ನೀನು ಒತ್ತಿಲ್ಲ," ಎಂದ. ಅದು ಪ್ರಶ್ನೆಯಾಗಿರಲಿಲ್ಲ.

"ನಿಮ್ಮ ತೋಳಿಗೆ ಬಂದಿದೆ," ಎಂದ ತಮ್ಮ. "ನೀವು ಸುಳ್ಳು ಹೇಳೋರಲ್ಲ. ಸುಳ್ಳು ಹೇಳಿದ್ರೆ ನಿಮ್ಮ ಕಿವಿ ಕೆಂಪಾಗತ್ತೆ."

"ಹಾಗಾದ್ರೆ ನಾಳೆ ನಾನೇ ಹೇಳ್ಬಿಡ್ತೀನಿ. ಗುಂಯ್ ಅಂದಿದ್ದು ನನ್ನ ಭ್ರಮೆ, ತಪ್ಪು ನಂದೇ ಅಂತ. ಸೀಟಿ ತಗೊಳ್ಳಲಿ. ನನಗೂ ಮಂಡಿ ಹೋಗ್ತಿದೆ."

"ಅದೆಲ್ಲ ಆಗಲ್ಲ. ನಾನೇ ಅಕಸ್ಮಾತ್ ಒತ್ತಿದೆ ಅಂತೀನಿ. ನಿಮ್ಮದು ಸೀಟಿ, ನಂದು ಬರೀ ಬಾವುಟ."

"ಬರೀ ಬಾವುಟ ಅಂತೆ! ಎರಡು ಸಲ ಅಕಸ್ಮಾತ್ ಒತ್ತೋಕಾಗತ್ತೇನೋ? ಅವರು ನಂಬ್ತಾರಾ?"

"ನಿಮ್ಮ ಭ್ರಮೆ ನಂಬಿದ್ರೆ ನನ್ನ ಬೆರಳನ್ನೂ ನಂಬ್ತಾರೆ!"

"ಏಯ್, ದೊಡ್ಡವನು ನಾನು ಕಣೋ!"

"ಎಂಥ ದೊಡ್ಡವರು? ಬೆನ್ನು ಅಡ್ಡ ಬಂದ್ರೆ ಪಕ್ಕಕ್ಕೆ ಸರಿಯೋಕೆ ಬರಲ್ಲ!"

"ನಿಲ್ಲಿಸ್ರೋ," ಎಂದಳು ಚಿಕ್ಕಮ್ಮ. "ನಿನ್ನೆವರೆಗೆ ತಪ್ಪು ನಿಂದು ಅಂತ ಜಗಳ, ಇವತ್ತು ತಪ್ಪು ನಂದು ಅಂತ ಜಗಳ. ಇಬ್ಬರೂ ಸುಳ್ಳು ಹೇಳೋಕೆ ಹೊರಟ್ರೆ ನನಗೇನು ಕೆಲಸ? ಯಾರೋ ಒಬ್ಬರು ಒತ್ತಿದಾರೆ. ನನ್ನನ್ನ ಎಬ್ಬಿಸಿ ಮೊದಲು."

ಇಬ್ಬರೂ ಒಂದೊಂದು ಕೈ ಹಿಡಿದು ಎಬ್ಬಿಸಿದರು. ಎಬ್ಬಿಸುವಾಗ ಅವರ ಭುಜಕ್ಕೆ ಭುಜ ತಾಗಿತು, ಇಬ್ಬರಲ್ಲಿ ಯಾರೂ ಸರಿಯಲಿಲ್ಲ.

*

ಗೆರೆಯ ಪಕ್ಕದ ಬೆಂಚಿನಲ್ಲಿ ಚಿಕ್ಕಮ್ಮ ಎರಡೂ ಬಾವುಟಗಳನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಳು. ಇಬ್ಬರೂ ಅವಳ ಎದುರು, ಗ್ಯಾಲರಿಗೆ ಬೆನ್ನು ಹಾಕಿ, ಹುಲ್ಲಿನ ಮೇಲೆ ಕಾಲು ಚಾಚಿ ಕೂತರು. ತಮ್ಮ ಭಾವನ ನೀರಿನ ಬಾಟಲಿಯಿಂದ ಕೇಳದೆಯೇ ಕುಡಿದ.

ಮೇಲೆ, ಗ್ಯಾಲರಿಯ ಗೇಟು ಕಿರುಗುಟ್ಟಿತು. ಅಕ್ಕ ಬಂದಳು. ಹೆಗಲಿಗೆ ಉದ್ದನೆಯ ಬಟ್ಟೆಯ ಚೀಲ, ಕೈಯಲ್ಲಿ ಡಬ್ಬಿಯ ಗೊಂಚಲು. ಕೆಳಗೆ ಕೂತ ಇಬ್ಬರ ಬೆನ್ನುಗಳನ್ನು ಒಟ್ಟಿಗೆ ಕಂಡದ್ದೇ ಅಲ್ಲೇ ಮೆಟ್ಟಿಲ ಮೇಲೆ ನಿಂತುಬಿಟ್ಟಳು. ಆಮೇಲೆ ಕೂತು ಡಬ್ಬಿ ಬಿಚ್ಚತೊಡಗಿದಳು. ಚಿಕ್ಕಮ್ಮನಿಗೆ ಮನಸ್ಸು ತುಂಬಿ ಬಂತು. ಅರ್ಧ ಜಗಳ ಊಟಕ್ಕೆ ಮೊದಲೇ ಮುಗಿದಿತ್ತು.

ಅವಳ ಹೆಬ್ಬೆರಳು ಹಿಡಿಕೆಗಳ ಮೇಲೆ ಓಡಾಡುತ್ತಿತ್ತು. ಒಂದು ಹಿಡಿಕೆಯ ರಬ್ಬರು ಬೆವರು ಕುಡಿದು ನುಣುಪಾಗಿತ್ತು. ಇನ್ನೊಂದರದ್ದು ಒರಟು, ಅಂಚುಗಳು ಇನ್ನೂ ಚೂಪು.

"ಇವೆರಡು ಒಟ್ಟಿಗೆ ಕೊಂಡಿದ್ದಲ್ಲ."

"ಅಲ್ಲ," ಎಂದ ರೆಫರಿ. "ಹಳೇ ಜೋಡಿಯಲ್ಲಿ ಒಂದು ಹೋದ ಸೀಸನ್‌ನಲ್ಲಿ ಕಳೆದುಹೋಯ್ತು. ಎಲ್ಲರ ಚೀಲ ಜಾಲಾಡಿದ್ವಿ. ಮನೆಯಲ್ಲಿ ಇವನ ಅಕ್ಕನೂ ಮಂಚದ ಕೆಳಗೆಲ್ಲ ಹುಡುಕಿದ್ಲು. ಸಿಗಲಿಲ್ಲ. ಬೇರೆ ತರಿಸ್ಕೊಂಡ್ವಿ."

"ಹೊಸದು ಈ ಪಟ್ಟಿಗೆ ಹೇಗೆ ಗೊತ್ತಾಯ್ತು?"

"ಗುರುತು ಮಾಡಿಸ್ಬೇಕು. ಪಟ್ಟಿ ಆನ್ ಮಾಡಿ ಬಾವುಟದ ಗುಂಡಿ ಒತ್ತಿ ಹಿಡಿದ್ರೆ ಆಯ್ತು. ಒಂದ್ಸಲ ಗುರುತಾದ್ರೆ ಆಮೇಲೆ ಅದು ಮೈದಾನದ ಯಾವ ಮೂಲೆಯಿಂದ ಕರೆದ್ರೂ ಕೇಳತ್ತೆ."

"ಸರಿ. ಹೊಸದನ್ನ ಸೇರಿಸಿದ್ರಿ. ಹಳೇದನ್ನ ತೆಗೆಸಿದ್ರಾ?"

ರೆಫರಿ ತಮ್ಮನ ಮುಖ ನೋಡಿದ. ತಮ್ಮ ಭಾವನ ಮುಖ ನೋಡಿದ. ಎಷ್ಟೋ ವರ್ಷಗಳ ಮೇಲೆ ಇಬ್ಬರೂ ಸರಿಯಾಗಿ ಒಬ್ಬರನ್ನೊಬ್ಬರು ನೋಡಿದ್ದು ಆಗಲೇ ಇರಬೇಕು.

"ಕಳೆದುಹೋದದ್ದನ್ನ," ಎಂದ ರೆಫರಿ ನಿಧಾನಕ್ಕೆ, "ತೆಗೆಸೋದು… ಯಾಕೆ ಅಂತ…"

ಗುಂಯ್.

ಗುಂಯ್.

ರೆಫರಿ ಚೇಳು ಕುಟುಕಿದವನಂತೆ ತೋಳನ್ನು ಎತ್ತಿ ಹಿಡಿದ. ತಮ್ಮ ಚಿಕ್ಕಮ್ಮನ ಮಡಿಲನ್ನೇ ದಿಟ್ಟಿಸಿದ. ಎರಡೂ ಬಾವುಟ ಅಲ್ಲೇ ಇದ್ದವು. ಅವಳ ಎರಡೂ ಕೈ ಅವುಗಳಿಂದ ಗೇಣುದ್ದ ಮೇಲೆ, ಗಾಳಿಯಲ್ಲಿ ನಿಂತಿದ್ದವು.

"ಚಿಕ್ಕಮ್ಮ, ನೀವು…"

"ನಾನು ಮುಟ್ಟಿಲ್ಲ."

"ಹಾಗಾದ್ರೆ ಅದು ಇಲ್ಲೇ ಇದೆ!" ತಮ್ಮನ ದನಿಯಲ್ಲಿ ಹರ್ಷ ಉಕ್ಕಿತು. "ಹಳೇ ಬಾವುಟ! ಭಾವ, ನಾವಿಬ್ಬರೂ ಬಚಾವ್! ಯಾರೋ ಕದ್ದು ಇಟ್ಕೊಂಡಿದಾರೆ, ಅವತ್ತು ಅವರೇ ಒತ್ತಿದಾರೆ!"

ಚಿಕ್ಕಮ್ಮ ಅವನ ಮಾತು ಕೇಳುತ್ತಿರಲಿಲ್ಲ. ಅವರ ತಲೆಗಳ ಮೇಲಿನಿಂದ ಅವಳ ಕಣ್ಣು ಗ್ಯಾಲರಿಗೆ ಹೋಗಿತ್ತು. ಅಷ್ಟು ದೊಡ್ಡ ಗ್ಯಾಲರಿಯಲ್ಲಿ ಇದ್ದದ್ದು ಒಂದೇ ಜೀವ.

ಅಕ್ಕ ನಗುತ್ತಿದ್ದಳು. ಡಬ್ಬಿಗಳು ಮೆಟ್ಟಿಲ ಮೇಲೆ ಸಾಲಾಗಿ ತೆರೆದಿದ್ದವು. ಒಂದು ಕೈ ಎತ್ತಿ, ಬನ್ನಿ, ಊಟಕ್ಕೆ ಬನ್ನಿ ಎಂದು ಬೀಸುತ್ತಿದ್ದಳು. ಇನ್ನೊಂದು ಕೈ ಮುಂಗೈವರೆಗೂ ಆ ಉದ್ದನೆಯ ಬಟ್ಟೆಯ ಚೀಲದೊಳಗಿತ್ತು. ಚಮಚ ಹುಡುಕುತ್ತಿರಬಹುದು. ಆದರೆ ಆ ಕೈ ಹುಡುಕುತ್ತಿರಲಿಲ್ಲ. ಅಲುಗದೆ ನಿಂತಿತ್ತು.

ಸನ್ನೆ ಗೊತ್ತಿರುವುದು ಮೂರೇ ಜನಕ್ಕೆ ಎಂದಿದ್ದಳು. ಎಂದವಳು ತನ್ನನ್ನು ಎಣಿಸಿರಲಿಲ್ಲ. ಯಾವ ವಿಡಿಯೋದಲ್ಲೂ ಇಲ್ಲದ ಬೂಟು ಅಡುಗೆಮನೆಯಲ್ಲಿ ಅವಳ ಮಾತಿನಲ್ಲಿ ಕಳಚಿ ಬಿದ್ದಿತ್ತು. ಅಂದರೆ ಅವತ್ತು ಅವಳು ಈ ಮೈದಾನದಲ್ಲೇ ಇದ್ದಳು. ಈ ಇಬ್ಬರನ್ನು ಒಂದು ಮಾಡಿಕೊಡಿ ಎಂದು ಚಿಕ್ಕಮ್ಮನನ್ನು ಕರೆಸಿದವಳೂ ಅವಳೇ. ಯಾಕೆ ಒತ್ತಿದಳು ಎಂದು ಕೇಳುವುದು ಬಾಕಿ ಇತ್ತು, ಆದರೆ ಇವರ ಮುಂದೆ ಅಲ್ಲ.

"ಯಾರು ಚಿಕ್ಕಮ್ಮ?" ರೆಫರಿ ಕೇಳಿದ. "ಯಾರಾದ್ರೂ ಕಾಣ್ತಿದಾರಾ ಹಿಂದೆ?"

ಅವನು ಕೈಯೂರಿ, ಗ್ಯಾಲರಿಯ ಕಡೆಗೆ ಮೈ ತಿರುಗಿಸತೊಡಗಿದ. ತಮ್ಮನ ಕಡೆ ಯಾಕೆ ತಿರುಗಿ ನೋಡಲಿಲ್ಲ ಎಂದು ಈಗಷ್ಟೇ ಅವನನ್ನು ಕೇಳಿದ್ದ ಚಿಕ್ಕಮ್ಮ ಮುಂದೆ ಬಾಗಿ ಅವನ ಭುಜವನ್ನು ಗಟ್ಟಿಯಾಗಿ ಹಿಡಿದಳು.

"ತಿರುಗಬೇಡಿ," ಎಂದಳು.